ಗಾಂಧಾರಿಯನ್ನು ಕರೆದದ್ದು ಯಾವಾಗ?

ರನ್ನನ ಗದಾಯುದ್ಧವನ್ನು ತರಗತಿಯಲ್ಲಿ ಪಾಠ ಹೇಳುವ ಅಧ್ಯಾಪಕನಿಗೆ ಒಂದು ದೌರ್ಬಲ್ಯವುಂಟು. ಭೀಮ ದುರ್ಯೋಧನರ ಮಾತು ಬಂದೊಡನೆ ಅವನ ಕಂಠ ತಾನಾಗಿಯೇ ಏರುತ್ತದೆ; ಗದೆಯ ಪೆಟ್ಟುಗಳೆಲ್ಲ ಮೇಜಿನ ಮೇಲೆ ಬೀಳತೊಡಗುತ್ತವೆ. ಅದಕ್ಕೆ ಮೊದಲು, ರಣರಂಗಕ್ಕೆ ಧೃತರಾಷ್ಟ್ರನೊಡನೆ ಗಾಂಧಾರಿಯೂ ಬಂದು, ಇನ್ನಾದರೂ ಪಾಂಡವರೊಡನೆ ಸಂಧಿ ಮಾಡಿಕೊಳ್ಳೆಂದು ಮಗನನ್ನು ಬೇಡುವ ಸಂದರ್ಭವೊಂದಿದೆ. ಅದನ್ನು ನಾವು ಕರುಣರಸಕ್ಕೆ ಒಂದು ನಿದರ್ಶನವೆಂದು ಹೇಳಿ ಮುಂದೆ ಸಾಗಿಬಿಡುತ್ತೇವೆ. ಸುಮಾರು ಇಪ್ಪತ್ತು ವರ್ಷಗಳಿಂದ ನಾನೂ ಹಾಗೆಯೇ ಸಾಗುತ್ತಿದ್ದೆ. ಕಳೆದ ವರ್ಷ, ಕೆಂಗೇರಿಯ ಕಡೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಹಿಂದಿನ ಬೆಂಚಿನಿಂದ ಎದ್ದು ನಿಂತು ಕೇಳಿದಳು: “ಸರ್, ತೊಂಬತ್ತೊಂಬತ್ತು ಮಕ್ಕಳು ಸತ್ತ ಮೇಲೆ ಗಾಂಧಾರಿ ಸಂಧಿಯ ಮಾತಿಗೆ ಬರುತ್ತಾಳೆ. ಅದಕ್ಕೆ ಮೊದಲು ಆಕೆಯನ್ನು ಯಾರೂ ಕೇಳಲಿಲ್ಲವೆ?”

ಕೇಳಿದ್ದರು ಎಂದು ನಾನು ಉತ್ತರ ಕೊಟ್ಟೆ. ವ್ಯಾಸಭಾರತದ ಉದ್ಯೋಗಪರ್ವದಲ್ಲಿ, ಕೃಷ್ಣನು ರಾಯಭಾರ ಬಂದಾಗ, ದುರ್ಯೋಧನನಿಗೆ ಬುದ್ಧಿ ಹೇಳಲು ಗಾಂಧಾರಿಯನ್ನು ಸಭೆಗೆ ಕರೆಸುತ್ತಾರೆ. ಆದರೆ ಕರೆಸುವುದು ಯಾವಾಗ? ಭೀಷ್ಮನು ಹೇಳಿ ಆಯಿತು, ದ್ರೋಣನು ಹೇಳಿ ಆಯಿತು, ವಿದುರನು ಹೇಳಿ ಆಯಿತು. ಮಗನು ಸಿಟ್ಟಿನಿಂದ ಸಭೆ ಬಿಟ್ಟು ಎದ್ದುಹೋದ ಮೇಲೆ ತಾಯಿಯ ನೆನಪಾಗುತ್ತದೆ. ಆಕೆ ಹೇಳಿದ್ದು ಸರಿಯಾಗಿಯೇ ಇತ್ತು. ಕೇಳುವ ಕಾಲ ಮೀರಿತ್ತು. ಹುಡುಗಿ ಕುಳಿತುಕೊಂಡಳು. ನನಗೆ ಮಾತ್ರ ಆ ದಿನ ಪಾಠ ಮುಂದುವರಿಯಲಿಲ್ಲ. ಏಕೆಂದರೆ ಅವಳ ಪ್ರಶ್ನೆ ಹಸ್ತಿನಾವತಿಯನ್ನು ಬಿಟ್ಟು ನಮ್ಮ ಬಡಾವಣೆಯ ಬೀದಿಗೆ ಬಂದು ನಿಂತಿತ್ತು.

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ಮಾಗಡಿ ರಸ್ತೆಯ ಆಸುಪಾಸಿನಲ್ಲಿ ಬೆಳೆದವರಿಗೆ ಕಾವೇರಿ ಎಂಬುದು ನಲ್ಲಿಯಲ್ಲಿ ಬರುವ ನೀರಿನ ಹೆಸರಷ್ಟೇ ಅಲ್ಲ. ಬಾಗಿಲು ಭದ್ರಪಡಿಸಿಕೊಂಡು ಕುಳಿತ ಕೆಲವು ರಾತ್ರಿಗಳ ಹೆಸರೂ ಹೌದು. 1990ರ ಜೂನಿನಲ್ಲಿ ಕಾವೇರಿ ಜಲವಿವಾದ ನ್ಯಾಯಮಂಡಲಿ ರಚಿತವಾಯಿತು. ಮರುವರ್ಷ ಜೂನ್ 25ರಂದು ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಅಡಿ ನೀರು ದೊರೆಯುವಂತೆ ಅದು ಮಧ್ಯಂತರ ಆದೇಶ ಕೊಟ್ಟಿತು. ಆ ಆದೇಶ 1991ರ ಡಿಸೆಂಬರಿನಲ್ಲಿ ಕೇಂದ್ರದ ರಾಜಪತ್ರದಲ್ಲಿ ಪ್ರಕಟವಾದಾಗ ಬೆಂಗಳೂರಿನಲ್ಲಿಯೂ ಮೈಸೂರು ಸೀಮೆಯಲ್ಲಿಯೂ ಗಲಭೆ ಎದ್ದಿತು. 15ಕ್ಕೂ ಹೆಚ್ಚು ಮಂದಿ ಸತ್ತರು. ಸಾವಿರಾರು ತಮಿಳು ಕುಟುಂಬಗಳು ಮನೆ ಬಿಟ್ಟು ಹೋದವು. ಆಗ ನಾನು ಮಾಧ್ಯಮಿಕ ಶಾಲೆಯ ಹುಡುಗ. ನಮ್ಮ ವಠಾರದ ಕೊನೆಯ ಮನೆಯಲ್ಲಿ ಗಾರೆ ಕೆಲಸದ ತಮಿಳು ಸಂಸಾರವೊಂದಿತ್ತು. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಆ ಮಕ್ಕಳು ನಮ್ಮ ಅಜ್ಜಿಯನ್ನು ‘ಪಾಟಿ’ ಎಂದು ಕರೆಯುತ್ತಿದ್ದರು.

ಗಲಭೆಯ ದಿನ ಸಂಜೆ ವಠಾರದ ಗಂಡಸರು ಅಂಗಳದಲ್ಲಿ ಗುಂಪುಗೂಡಿ, ಏನು ಮಾಡುವುದೆಂದು ಚರ್ಚಿಸುತ್ತಿದ್ದರು. ಪೊಲೀಸರಿಗೆ ತಿಳಿಸೋಣವೆಂದು ಒಬ್ಬರು. ನಮಗೇತಕ್ಕೆ ಉಸಾಬರಿ ಎಂದು ಇನ್ನೊಬ್ಬರು. ಅವರನ್ನು ರಾತ್ರೋರಾತ್ರಿ ಊರಿಗೆ ಕಳಿಸುವುದೇ ವಾಸಿ ಎಂದು ಮತ್ತೊಬ್ಬರು. ಅಜ್ಜಿ ಆ ಚರ್ಚೆಗೆ ಬರಲಿಲ್ಲ. ಆಕೆಯನ್ನು ಯಾರೂ ಕರೆಯಲೂ ಇಲ್ಲ. ಆಕೆ ನೇರವಾಗಿ ಕೊನೆಯ ಮನೆಗೆ ಹೋಗಿ, ಗೋಡೆಯ ಮೇಲಿನ ತಮಿಳು ಕ್ಯಾಲೆಂಡರನ್ನು ಇಳಿಸಿ ಸುತ್ತಿ ಸೆರಗಿನಲ್ಲಿಟ್ಟುಕೊಂಡು, “ಬಾಮ್ಮ, ಮಕ್ಕಳನ್ನು ಎತ್ತಿಕೋ” ಎಂದು ಆ ತಾಯಿಯನ್ನೂ ಮಕ್ಕಳನ್ನೂ ನಮ್ಮ ಅಡಿಗೆಮನೆಗೆ ಕರೆತಂದಳು. ಗಂಡಸರ ಚರ್ಚೆ ಮುಗಿಯುವ ಹೊತ್ತಿಗೆ ಮಕ್ಕಳು ಊಟ ಮಾಡಿ ಮಲಗಿದ್ದವು. ಎಂಟು ದಿನ ಅವರು ನಮ್ಮಲ್ಲಿಯೇ ಇದ್ದರು. ಕ್ಯಾಲೆಂಡರ್ ಅಜ್ಜಿಯ ಟ್ರಂಕಿನಲ್ಲಿತ್ತು.

ಇದನ್ನು ಅಜ್ಜಿಯ ಹೃದಯವೈಶಾಲ್ಯವೆಂದು ಕರೆದು ಕೊಂಡಾಡುವುದು ಸುಲಭ. ಬಹುಕಾಲ ನಾನು ಹಾಗೆಯೇ ಮಾಡಿದೆ. ಈಗ ತೋರುತ್ತದೆ, ಅದರಲ್ಲಿ ಹೃದಯಕ್ಕಿಂತ ತಿಳಿವಳಿಕೆಯ ಪಾಲೇ ಹೆಚ್ಚು ಎಂದು. ಯಾವ ಮನೆಯ ಗೋಡೆಯ ಮೇಲೆ ಯಾವ ಅಕ್ಷರವಿದೆ, ಅದು ಕಿಟಕಿಯಿಂದ ಕಾಣುತ್ತದೆಯೆ ಇಲ್ಲವೆ, ಯಾವ ಮಗು ಕತ್ತಲಾದರೆ ಅಳುತ್ತದೆ, ಯಾರ ಮನೆಯಲ್ಲಿ ಎಷ್ಟು ಅಕ್ಕಿಯಿದೆ — ಇವು ಅಂಗಳದಲ್ಲಿ ನಿಂತ ಗಂಡಸರಿಗೆ ಗೊತ್ತಿರಲಿಲ್ಲ, ಆಕೆಗೆ ಗೊತ್ತಿತ್ತು. ಗೊತ್ತಿದ್ದವಳು ಚರ್ಚೆಯಲ್ಲಿರಲಿಲ್ಲ, ಚರ್ಚೆಯಲ್ಲಿದ್ದವರಿಗೆ ಗೊತ್ತಿರಲಿಲ್ಲ. ನನ್ನ ವಾದವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ಇಪ್ಪತ್ತೈದು ವರ್ಷಗಳಾದ ಮೇಲೆ ಅದೇ ಕಥೆ ಮರುಕಳಿಸಿತು. ತಮಿಳುನಾಡಿಗೆ ದಿನಕ್ಕೆ 15,000 ಕ್ಯೂಸೆಕ್ಸ್ ನೀರು ಬಿಡಬೇಕೆಂದು 2016ರ ಸೆಪ್ಟೆಂಬರ್ 5ರಂದು ಸರ್ವೋಚ್ಚ ನ್ಯಾಯಾಲಯ ಆಜ್ಞೆ ಮಾಡಿತು. 12ರಂದು ಅದನ್ನು 12,000ಕ್ಕೆ ಇಳಿಸಿತು. ಅಂದೇ ತಮಿಳುನಾಡಿನಲ್ಲಿ ಕನ್ನಡಿಗರ ಹೋಟೆಲಿನ ಮೇಲೂ ವಾಹನಗಳ ಮೇಲೂ ದಾಳಿಯಾದ ಸುದ್ದಿ ಬಂತು. ಇಲ್ಲಿ ತಮಿಳುನಾಡಿನ ಲಾರಿ ಬಸ್ಸುಗಳು ಉರಿದವು. ನಾಯಂಡಹಳ್ಳಿಯ ಸಮೀಪದ ಆವರಣವೊಂದರಲ್ಲಿಯೇ 40ರಷ್ಟು ಬಸ್ಸುಗಳು ಸುಟ್ಟು ಕರಕಲಾದವು. ನಗರದ 16 ಪೊಲೀಸ್ ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಬಂತು: ರಾಜಾಜಿನಗರ, ವಿಜಯನಗರ, ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆ, ಕೆಂಗೇರಿ. ಹೆಸರುಗಳನ್ನು ಓದುತ್ತ ಹೋದರೆ ನಮ್ಮ ದಿನನಿತ್ಯದ ಬಸ್ಸಿನ ದಾರಿಯನ್ನೇ ಓದಿದಂತಾಗುತ್ತಿತ್ತು.

ಕರ್ಫ್ಯೂ ತೆರವಾದ ಮೇಲೆ ನಮ್ಮ ಬಡಾವಣೆಯಲ್ಲಿಯೂ ಒಂದು ಶಾಂತಿಸಭೆ ಸೇರಿತು. ಕಾಲೇಜಿನ ಮೇಷ್ಟರೆಂಬ ಗೌರವದಿಂದ ನನ್ನನ್ನೂ ಕರೆದಿದ್ದರು. ಇಪ್ಪತ್ತಕ್ಕೂ ಹೆಚ್ಚು ಮಂದಿಯಿದ್ದೆವು. ಅಂಗಡಿಯ ಮಾಲೀಕರು, ನಿವೃತ್ತ ಅಧಿಕಾರಿಗಳು, ಎರಡು ಮೂರು ಸಂಘಗಳ ಪದಾಧಿಕಾರಿಗಳು. ಎಲ್ಲರೂ ಗಂಡಸರು. ನಾನು ಎದ್ದು, ಕವಿರಾಜಮಾರ್ಗಕಾರನು ಹೇಳಿದ ಪರವಿಚಾರ ಪರಧರ್ಮ ಸಹಿಷ್ಣುತೆಯನ್ನು ಕುರಿತು ಹತ್ತು ನಿಮಿಷ ಮಾತನಾಡಿದೆ. ಚಪ್ಪಾಳೆಯೂ ಬಿತ್ತು. ಎಲ್ಲರೂ ಸಹೋದರರಂತೆ ಬಾಳತಕ್ಕದ್ದೆಂದು ಗೊತ್ತುವಳಿಯಾಯಿತು, ಕಾಫಿಯಾಯಿತು, ಛಾಯಾಚಿತ್ರವಾಯಿತು.

ಮನೆಗೆ ಬಂದು ಈ ವೃತ್ತಾಂತವನ್ನು ಹೆಂಡತಿಯ ಮುಂದೆ ಒಪ್ಪಿಸಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲಾ ರೀ, ಹಿಂದಿನ ಬೀದಿಯ ಆ ಹುಡುಗಿ ಗಾರ್ಮೆಂಟ್ಸಿಗೆ ಹೋಗುವ ವಿಚಾರ ಯಾರಾದರೂ ಎತ್ತಿದಿರಾ?” ಎಂದು ಕೇಳಿದಳು. ಯಾವ ಹುಡುಗಿ ಎಂದೆ. ಆಗ ತಿಳಿಯಿತು: ಧರ್ಮಪುರಿಯ ಕಡೆಯ ಹುಡುಗಿ, ನಾಲ್ಕು ದಿನದಿಂದ ಕೆಲಸಕ್ಕೆ ಹೋಗಿಲ್ಲ, ಬಸ್ಸಿನಲ್ಲಿ ಫೋನು ಬಂದರೆ ಯಾವ ಭಾಷೆಯಲ್ಲಿ ಮಾತನಾಡಲಿ ಎಂಬ ಭಯ, ಸಂಬಳ ಕಡಿತವಾದರೆ ಬಾಡಿಗೆ ಕಟ್ಟುವಂತಿಲ್ಲ. ಅವಳ ಮನೆಯ ಮುದುಕನಿಗೆ ಸಕ್ಕರೆ ಕಾಯಿಲೆಯ ಔಷಧಿ ಮುಗಿದು, ನನ್ನ ಹೆಂಡತಿಯೂ ಎದುರು ಮನೆಯಾಕೆಯೂ ಕರ್ಫ್ಯೂ ನಡುವೆಯೇ ಹೇಗೋ ತರಿಸಿಕೊಟ್ಟಿದ್ದರಂತೆ. ಈ ನಾಲ್ಕು ದಿನ ನಮ್ಮ ಬೀದಿಯಲ್ಲಿ ಶಾಂತಿ ಉಳಿದದ್ದು ಹೇಗೆಂಬುದು ಅವರಿಗೆ ಗೊತ್ತಿತ್ತು. ಶಾಂತಿಯನ್ನು ಕುರಿತು ಗೊತ್ತುವಳಿ ಮಾಡಿದವರು ನಾವು. ಸಭೆಯಲ್ಲಿ ಹೆಂಗಸರಿಲ್ಲವೆಂಬುದು ಅಲ್ಲಿ ಕುಳಿತಿದ್ದಷ್ಟು ಹೊತ್ತೂ ನನಗೆ ಹೊಳೆಯಲೇ ಇಲ್ಲ. ಅದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಇಲ್ಲಿ ಓದುಗರು ಒಂದು ಆಕ್ಷೇಪವೆತ್ತಬಹುದು. ಹೆಂಗಸರೆಲ್ಲ ಶಾಂತಿಪ್ರಿಯರೆ? ಹಾಗೆಂದು ಹೇಳಿದರೆ ನಮ್ಮ ಕಾವ್ಯಗಳೇ ನಗುತ್ತವೆ. ಗದಾಯುದ್ಧದಲ್ಲಿಯೇ ಭೀಮನ ಪ್ರತಿಜ್ಞೆ ತಣ್ಣಗಾಗದಂತೆ ಕೆಣಕುವವಳು ದ್ರೌಪದಿ. ಸಂಧಿಗೆ ಹೊರಟ ಕೃಷ್ಣನಿಗೆ ತನ್ನ ಬಿಚ್ಚಿದ ಮುಡಿಯನ್ನು ತೋರಿಸಿ, ನೆನಪಿರಲೆಂದು ಹೇಳುವವಳೂ ಆಕೆಯೇ. ಇತಿಹಾಸವೂ ಬೇರೆಯಲ್ಲ. 1993ರ ಜುಲೈನಲ್ಲಿ ಕಾವೇರಿ ನೀರಿಗಾಗಿ ಚೆನ್ನೈಯ ಕಡಲ ತೀರದಲ್ಲಿ ಉಪವಾಸ ಕುಳಿತ ಮುಖ್ಯಮಂತ್ರಿ ಜಯಲಲಿತಾ ಸ್ತ್ರೀಯೇ. ಮಂಡ್ಯದಲ್ಲಿ ರೈತರ ಪರವಾಗಿ ವರ್ಷಾನುಗಟ್ಟಲೆ ಹೋರಾಡುತ್ತ ಬಂದ ಸುನಂದಾ ಜಯರಾಂ ಅವರೂ ಸ್ತ್ರೀಯೇ. ತಮ್ಮ ತಮ್ಮ ಜನರ ಹಕ್ಕನ್ನು ಗಟ್ಟಿಯಾಗಿ ಕೇಳಿದುದು ಇವರ ತಪ್ಪಲ್ಲ. ಹಕ್ಕಿನ ಮಾತೇ ಇಲ್ಲದ ಶಾಂತಿ ಶಾಂತಿಯಲ್ಲ. ಅದು ಬಾಯಿ ಕಟ್ಟಿದ ಮೌನ. ಸಂಧಿಯ ಸಭೆಗೆ ಗಾಂಧಾರಿಯೂ ಬೇಕು, ದ್ರೌಪದಿಯೂ ಬೇಕು. ಒಬ್ಬಳು ಕಳೆದುಕೊಂಡುದರ ಲೆಕ್ಕ ಹೇಳುವಳು. ಇನ್ನೊಬ್ಬಳು ಸಲ್ಲಬೇಕಾದುದರ ಲೆಕ್ಕ ಕೇಳುವಳು. ಹೆಂಗಸರನ್ನು ಕರೆಯಬೇಕಾದದ್ದು ಅವರು ಮೃದುಸ್ವಭಾವದವರೆಂದಲ್ಲ. ಜಗಳದ ಅರ್ಧ ಭಾಗ ಅವರ ಮೈಮೇಲೆ ನಡೆಯುತ್ತದೆಂದು.

ಆದರೆ ಕಾವೇರಿಯ ವ್ಯಾಜ್ಯದಲ್ಲಿ ಆ ಅರ್ಧದ ಪ್ರಾತಿನಿಧ್ಯವನ್ನು ಹುಡುಕಿ ನೋಡಿ. ನ್ಯಾಯಮಂಡಲಿಯಲ್ಲಿ ಕುಳಿತ ನ್ಯಾಯಮೂರ್ತಿಗಳಲ್ಲಿ ಒಬ್ಬರೂ ಸ್ತ್ರೀಯಿರಲಿಲ್ಲ. 2018ರ ಫೆಬ್ರವರಿ 16ರಂದು ತಮಿಳುನಾಡಿನ ಪಾಲನ್ನು 177.25 ಟಿಎಂಸಿ ಅಡಿಗೆ ಇಳಿಸಿ, ಬೆಂಗಳೂರಿನ ಕುಡಿಯುವ ನೀರಿಗೆ 4.75 ಟಿಎಂಸಿ ಅಡಿಯನ್ನು ಹೆಚ್ಚಿಗೆ ಕೊಟ್ಟ ಸರ್ವೋಚ್ಚ ನ್ಯಾಯಾಲಯದ ಪೀಠದಲ್ಲಿಯೂ ಇರಲಿಲ್ಲ. ಆ ನೀರನ್ನು ಬಿಂದಿಗೆಯಲ್ಲಿ ಹಿಡಿಯುವವರು ಯಾರು, ನೀರು ಬಾರದ ದಿನ ಟ್ಯಾಂಕರಿನ ಹಿಂದೆ ಓಡುವವರು ಯಾರು ಎಂದು ಕೇಳಬೇಕಾಗಿಲ್ಲ. ನ್ಯಾಯಾಲಯದ ಹೊರಗೂ ಮಾತುಕತೆ ಸಾಧ್ಯವೆಂಬುದಕ್ಕೆ ಒಂದು ಉದಾಹರಣೆ ನಮ್ಮಲ್ಲಿದೆ. 2003ರಲ್ಲಿ ಮದರಾಸಿನ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಪ್ರಾಧ್ಯಾಪಕ ಎಸ್. ಜನಕರಾಜನ್ ಅವರ ಪ್ರಯತ್ನದಿಂದ ಎರಡೂ ರಾಜ್ಯಗಳ ರೈತರು ‘ಕಾವೇರಿ ಕುಟುಂಬ’ವೆಂಬ ಹೆಸರಿನಲ್ಲಿ ಒಟ್ಟಿಗೆ ಕುಳಿತರು, ಒಬ್ಬರ ಗದ್ದೆಯನ್ನು ಇನ್ನೊಬ್ಬರು ಹೋಗಿ ನೋಡಿದರು. ಎದುರಾಳಿಯ ಒಣಗಿದ ಪೈರನ್ನು ಕಣ್ಣಾರೆ ಕಂಡವನ ಮಾತಿನ ಧಾಟಿಯೇ ಬೇರೆಯಾಗುತ್ತದೆ. ಗದ್ದೆಯನ್ನು ನೋಡಿದ ಹಾಗೆಯೇ ಅಡಿಗೆಮನೆಯನ್ನೂ ನೋಡಬೇಕೆಂಬುದಷ್ಟೇ ನನ್ನ ಅರಿಕೆ.

ನೀರಿನ ಜಗಳ ಬಿಟ್ಟು ಕಾಡಿನ ಜಗಳಕ್ಕೆ ಬರೋಣ. ಮಲೆನಾಡಿನಲ್ಲಿ ನಕ್ಸಲೀಯರ ಸಶಸ್ತ್ರ ಹೋರಾಟ ಎರಡು ದಶಕಗಳ ಕಾಲ ಇತ್ತ ಪೊಲೀಸರನ್ನೂ ಅತ್ತ ಕಾಡು ಸೇರಿದ ಯುವಕ ಯುವತಿಯರನ್ನೂ ಬಲಿ ತೆಗೆದುಕೊಂಡಿತು. ಅಲ್ಲಿಂದ ಹಿಂದಿರುಗಲು ಒಂದು ದಾರಿ ಕಡಿಯುವ ಕೆಲಸವನ್ನು ಕೆಲವು ನಾಗರಿಕರು ಮೈಮೇಲೆ ಹಾಕಿಕೊಂಡರು. 2014ರ ಡಿಸೆಂಬರಿನಲ್ಲಿ ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಶಸ್ತ್ರಮಾರ್ಗವನ್ನು ಬಿಟ್ಟು ಬಂದಾಗ ನಡುವೆ ನಿಂತವರಲ್ಲಿ ಸ್ವಾತಂತ್ರ್ಯ ಹೋರಾಟಗಾರ ಎಚ್. ಎಸ್. ದೊರೆಸ್ವಾಮಿಯವರೂ ಪತ್ರಕರ್ತೆ ಗೌರಿ ಲಂಕೇಶರೂ ಇದ್ದರು. ಇಂಥ ನಡುವಿನ ಸ್ಥಾನ ಸುಖದ ಸ್ಥಾನವಲ್ಲ. ಎರಡು ಕಡೆಯ ಅನುಮಾನವನ್ನೂ ಹೊರಬೇಕಾಗುತ್ತದೆ. ಗೌರಿಯವರು 2017ರ ಸೆಪ್ಟೆಂಬರ್ 5ರಂದು ರಾಜರಾಜೇಶ್ವರಿನಗರದ ತಮ್ಮ ಮನೆಯ ಬಾಗಿಲಲ್ಲಿ ಗುಂಡಿಗೆ ಬಲಿಯಾದರು. ಕೆಂಗೇರಿಗೆ ಹೋಗುವ ದಾರಿಯಲ್ಲಿ ಆ ಬಡಾವಣೆಯ ಕಮಾನನ್ನು ಕಂಡಾಗಲೆಲ್ಲ ನನಗೆ ಈ ನೆನಪು ಬರುತ್ತದೆ. ಆಕೆಯ ಎಲ್ಲ ವಿಚಾರಗಳನ್ನೂ ಒಪ್ಪದವರು ಇರಬಹುದು. ಆದರೆ ಬಂದೂಕನ್ನು ಕೆಳಗಿಡಿಸುವ ಕಾರ್ಯದಲ್ಲಿ ಆಕೆಯ ಪಾಲು ದಾಖಲೆಯಲ್ಲಿ ಉಳಿಯತಕ್ಕದ್ದು.

ಆ ದಾರಿ ಮುಚ್ಚಲಿಲ್ಲ. 2025ರ ಜನವರಿ 8ರಂದು ಆರು ಮಂದಿ ನಕ್ಸಲೀಯರು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಮುಂದೆ ಶರಣಾದರು. ಮಧ್ಯಸ್ಥಿಕೆ ವಹಿಸಿದ ನಾಗರಿಕ ವೇದಿಕೆಯಲ್ಲಿ ಲೇಖಕಿ, ಮಾಜಿ ಸಚಿವೆ ಬಿ. ಟಿ. ಲಲಿತಾ ನಾಯಕ್ ಅವರಿದ್ದರು. ಶರಣಾದ ಆರು ಮಂದಿಯಲ್ಲಿ ನಾಲ್ವರು ಹೆಂಗಸರು. ಈ ಸಂಖ್ಯೆಯನ್ನು ಎರಡು ಸಲ ಓದಬೇಕು. ಕಾಡಿಗೆ ಹೋಗುವಾಗ ಹೆಂಗಸರು ಮುಂದಿದ್ದರು ಎಂದಾದರೆ, ಕಾಡಿನಿಂದ ಬಂದವರ ಬದುಕನ್ನು ಕುರಿತು ತೀರ್ಮಾನಿಸುವ ಸಮಿತಿಯಲ್ಲಿಯೂ ಅವರು ಮುಂದಿರಬೇಕಲ್ಲವೆ? ಹಲವು ವರ್ಷ ಕಾಡಿನಲ್ಲಿದ್ದು ಬಂದ ಹೆಣ್ಣಿಗೆ ಬೇಕಾದದ್ದು ಪರಿಹಾರದ ಹಣವೊಂದೇ ಅಲ್ಲ. ಊರಿನಲ್ಲಿ ಮುಖವೆತ್ತಿ ನಡೆಯುವ ಅವಕಾಶ, ವೈದ್ಯರ ಸಹಾಯ, ಮೊಕದ್ದಮೆಗಳ ಶೀಘ್ರ ಇತ್ಯರ್ಥ, ತನ್ನ ಹೆಸರಿನಲ್ಲಿ ಒಂದು ಜೀವನೋಪಾಯ — ಇವೆಲ್ಲ ಕೂಡಿದರೆ ಮಾತ್ರ ಶಾಂತಿ ಬೇರು ಬಿಡುತ್ತದೆ.

ಜಗತ್ತು ಈ ಪಾಠವನ್ನು ಕಲಿತದ್ದೂ ತಡವಾಗಿಯೇ. ಯುದ್ಧದ ತಡೆ, ಸಂಧಿಯ ಮಾತುಕತೆ, ಪುನರ್ನಿರ್ಮಾಣ, ಈ ಎಲ್ಲದರಲ್ಲಿಯೂ ಸ್ತ್ರೀಯರ ಸಮಾನ ಭಾಗವಿರಬೇಕೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ತನ್ನ 1325ನೆಯ ನಿರ್ಣಯವನ್ನು ಅಂಗೀಕರಿಸಿದ್ದು 2000ದ ಅಕ್ಟೋಬರ್ 31ರಂದು. ನಿರ್ಣಯ ಕಾಗದದ ಮೇಲಿತ್ತು. ಅದಕ್ಕೆ ಜೀವ ಕೊಟ್ಟವರು ಬೀದಿಯ ಹೆಂಗಸರು. ಪಶ್ಚಿಮ ಆಫ್ರಿಕದ ಲೈಬೀರಿಯದಲ್ಲಿ ಅಂತರ್ಯುದ್ಧ ಹದಿನಾಲ್ಕು ವರ್ಷ ಎಳೆದಾಡಿತ್ತು. 2003ರಲ್ಲಿ ಘಾನಾ ದೇಶದ ಅಕ್ರಾ ನಗರದಲ್ಲಿ ಮಾತುಕತೆ ವಾರಗಟ್ಟಲೆ ನಡೆದರೂ ಫಲ ಕಾಣದಿದ್ದಾಗ, ಲೇಮಾ ಬೋವಿ ಎಂಬಾಕೆಯ ನೇತೃತ್ವದಲ್ಲಿ ಬಿಳಿಯುಡುಪಿನ ಹೆಂಗಸರು, ಕ್ರೈಸ್ತರೂ ಮುಸ್ಲಿಮರೂ ಒಟ್ಟಾಗಿ, ಸಭಾಂಗಣದ ಬಾಗಿಲಿಗೆ ಅಡ್ಡ ಕುಳಿತರು. ಒಪ್ಪಂದವಾಗದೆ ಯಾರೂ ಹೊರಗೆ ಬರುವಂತಿಲ್ಲವೆಂದರು. ಆಗಸ್ಟ್ 18ರಂದು ಒಪ್ಪಂದಕ್ಕೆ ಸಹಿ ಬಿತ್ತು. 2011ರಲ್ಲಿ ಆಕೆಗೆ ನೊಬೆಲ್ ಶಾಂತಿ ಪಾರಿತೋಷಕ ಬಂತು. ಅದೇ ಲೈಬೀರಿಯಕ್ಕೆ 2007ರಲ್ಲಿ ಭಾರತವು ಹೆಂಗಸರೇ ಇದ್ದ ಪೊಲೀಸ್ ತುಕಡಿಯೊಂದನ್ನು ವಿಶ್ವಸಂಸ್ಥೆಯ ಪರವಾಗಿ ಕಳಿಸಿತು. ಅಂಥ ತುಕಡಿಗಳಲ್ಲಿ ಅದೇ ಮೊದಲನೆಯದು. ದೂರದೇಶದ ಶಾಂತಿಗೆ ನಮ್ಮ ಹೆಣ್ಣುಮಕ್ಕಳನ್ನು ಕಳಿಸಬಲ್ಲ ನಾವು ನಮ್ಮ ಬಡಾವಣೆಯ ಸಭೆಗೆ ಅವರನ್ನು ಕರೆಯಲು ಮರೆಯುತ್ತೇವೆ!

ಬೆಂಗಳೂರಿಗೂ ಈ ದಾರಿ ಅಪರಿಚಿತವಲ್ಲ. ಅಯೋಧ್ಯೆಯ ಘಟನೆಯ ಬೆನ್ನಿಗೆ ದೇಶವೆಲ್ಲ ಹೊತ್ತಿಕೊಂಡಿದ್ದ ಕಾಲದಲ್ಲಿ, 1993ರಲ್ಲಿ, ‘ವಿಮೋಚನಾ’ ಸಂಘಟನೆಯ ಮಹಿಳೆಯರು ಕಪ್ಪು ಬಟ್ಟೆಯುಟ್ಟು ನಗರದ ರಸ್ತೆಯ ಬದಿಯಲ್ಲಿ ಮೌನವಾಗಿ ನಿಲ್ಲತೊಡಗಿದರು. 1988ರಲ್ಲಿ ಜೆರೂಸಲೇಮಿನ ಹೆಂಗಸರು ಆರಂಭಿಸಿದ ಪದ್ಧತಿ ಅದು. ಘೋಷಣೆಯಿಲ್ಲ, ಭಾಷಣವಿಲ್ಲ, ಓಡಾಡುವ ಜನ ಒಂದು ಕ್ಷಣ ನಿಂತು ನೋಡುತ್ತಿದ್ದರು. ಮೌನವೂ ಒಂದು ಮಾತೆಂಬುದನ್ನು ಕಾವ್ಯಮೀಮಾಂಸೆಯ ಧ್ವನಿಪ್ರಕರಣದಲ್ಲಿ ಪಾಠ ಹೇಳುವ ನನ್ನಂಥವರು ಬೀದಿಯಲ್ಲಿ ಅದನ್ನು ಗುರುತಿಸದೆ ಹೋದೆವು.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಮಾತು ಬೇಡ. ಗಲಭೆಯ ಭಯವಿರುವ ಬಡಾವಣೆಗಳ ಶಾಂತಿಸಮಿತಿಗಳಲ್ಲಿ ಅರ್ಧದಷ್ಟು ಹೆಂಗಸರಿರಲಿ. ಅವರಲ್ಲಿ ಬೇರೆ ಬೇರೆ ಭಾಷೆಯವರೂ ಬೇರೆ ಬೇರೆ ಮತದವರೂ ಇರಲಿ. ವಕೀಲೆ, ಅಧ್ಯಾಪಕಿಯರ ಜೊತೆಗೆ ಗಾರ್ಮೆಂಟ್ಸಿನ ಹುಡುಗಿ, ಹೂ ಮಾರುವಾಕೆ, ಅಂಗನವಾಡಿಯ ಕಾರ್ಯಕರ್ತೆಯೂ ಇರಲಿ. ಸಭೆಯನ್ನು ಅಡಿಗೆಯ ಹೊತ್ತಿನಲ್ಲಿಯೋ ರಾತ್ರಿಯಲ್ಲಿಯೋ ಕರೆಯದಿರಲಿ. ಒಂದು ದಿನದ ಕೂಲಿ ಬಿಟ್ಟು ಬರುವವಳಿಗೆ ಆ ಕೂಲಿ ಸಲ್ಲಲಿ. ಆಕೆ ಹೇಳಿದ್ದು ನಡಾವಳಿಯ ಪುಸ್ತಕದಲ್ಲಿ ಆಕೆಯ ಹೆಸರಿನೊಡನೆ ದಾಖಲಾಗಲಿ. ಕರೆದರೂ ಮಾತನಾಡುವುದಿಲ್ಲವೆಂದು ಹೇಳುವವರುಂಟು. ಕರ್ನಾಟಕವು 1983ರ ಕಾಯಿದೆಯಿಂದ ಪಂಚಾಯತಿ ಸಂಸ್ಥೆಗಳಲ್ಲಿ ಸ್ತ್ರೀಯರಿಗೆ ಶೇಕಡ 25 ಸ್ಥಾನ ಮೀಸಲಿಟ್ಟಾಗಲೂ, ಕುರ್ಚಿ ಹೆಂಡತಿಗೆ, ಅಧಿಕಾರ ಗಂಡನಿಗೆ ಎಂದು ಇದೇ ಜನ ನಕ್ಕಿದ್ದರು. ಆ ನಗುವಿನಲ್ಲಿ ಸತ್ಯಾಂಶ ಇರಲಿಲ್ಲವೆಂದಲ್ಲ. ಆದರೂ ಕುರ್ಚಿಯಲ್ಲಿ ಕುಳಿತು ಕುಳಿತು ಎಷ್ಟೋ ಹೆಂಗಸರು ಮಾತು ಕಲಿತರು. 2010ರ ಹೊತ್ತಿಗೆ ಆ ಮೀಸಲು ಅರ್ಧಕ್ಕೆ ಏರಿತು. ಈಜು ಕಲಿಯುವುದು ನೀರಿಗಿಳಿದ ಮೇಲೆಯೇ ತಾನೆ!

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ಕಾವೇರಿಯ ಜಗಳ ಏಳುವುದು ಮಳೆ ಕೈಕೊಟ್ಟ ವರ್ಷ. ಆ ವರ್ಷ ಶಾಂತಿಸಭೆ ಕರೆಯುವುದೆಂದರೆ ರಣರಂಗಕ್ಕೆ ಗಾಂಧಾರಿಯನ್ನು ಕರೆದಂತೆಯೇ. ಕಟ್ಟಬೇಕಾದದ್ದು ಮಳೆ ಬಂದ ವರ್ಷ. ಕೃಷ್ಣರಾಜಸಾಗರ 124.80 ಅಡಿ ತುಂಬಿದಾಗ ಮುಖ್ಯಮಂತ್ರಿಗಳು ಹೋಗಿ ಕಾವೇರಿಗೆ ಬಾಗಿನ ಅರ್ಪಿಸುವ ಸಂಪ್ರದಾಯ ನಮ್ಮಲ್ಲುಂಟು. ಬಾಗಿನವೆಂಬುದು ಮೂಲದಲ್ಲಿ ಹೆಂಗಸು ಹೆಂಗಸಿಗೆ ಕೊಡುವ ಕಾಣಿಕೆ. ಗೌರಿಹಬ್ಬದ ದಿನ ಮೊರದಲ್ಲಿ ಧಾನ್ಯ, ಬಳೆ, ಅರಿಸಿನ ಕುಂಕುಮ ಇಟ್ಟು, ಮೇಲೊಂದು ಮೊರ ಮುಚ್ಚಿ ಕೊಡುವುದು. ಅತ್ತ ತಮಿಳುನಾಡಿನ ದಂಡೆಯಲ್ಲಿ ಆಡಿ ಮಾಸದ ಹದಿನೆಂಟನೆಯ ದಿನ, ಏರಿದ ಹೊಳೆಗೆ ಅಲ್ಲಿನ ಹೆಂಗಸರು ಬಗೆಬಗೆಯ ಅನ್ನ ಮಾಡಿಕೊಂಡು ಹೋಗಿ ಪೂಜಿಸುತ್ತಾರೆ. ಹೊಳೆ ಒಂದೇ, ಪೂಜಿಸುವ ಕೈಗಳೂ ಒಂದೇ ಬಗೆಯವು. ಈ ಕೈಗಳು ಒಂದನ್ನೊಂದು ಕಾಣುವಂತೆ ಮಾಡಲು ಯಾವ ನ್ಯಾಯಾಲಯದ ಅಪ್ಪಣೆಯೂ ಬೇಕಾಗಿಲ್ಲ.

ನಮ್ಮ ಅಜ್ಜಿ ತೀರಿಕೊಂಡು ಬಹಳ ವರ್ಷಗಳಾದವು. 1991ರ ಆ ಎಂಟು ದಿನಗಳ ಮೇಲೆ, ಕೊನೆಯ ಮನೆಯಾಕೆ ತನ್ನ ಮನೆಗೆ ಹಿಂದಿರುಗುವಾಗ, ಅಜ್ಜಿ ಟ್ರಂಕಿನಿಂದ ಕ್ಯಾಲೆಂಡರನ್ನು ತೆಗೆದು ತಾನೇ ಹೋಗಿ ಅದೇ ಮೊಳೆಗೆ ತಗುಲಿಸಿ ಬಂದಳು. ಕ್ಯಾಲೆಂಡರನ್ನು ಇಳಿಸಿದ್ದು ಜಾಣತನ. ಮತ್ತೆ ಅದನ್ನು ಗೋಡೆಗೇರಿಸಿದ್ದು ಶಾಂತಿ. ಮುಂದಿನ ಗೌರಿಹಬ್ಬದಲ್ಲಿ ಆಕೆಗೂ ಒಂದು ಬಾಗಿನ ಹೋಯಿತು.

ಈ ಸಲ ಗದಾಯುದ್ಧದ ಪಾಠಕ್ಕೆ ಬಂದಾಗ ನಾನು ಗಾಂಧಾರಿಯ ಸಂದರ್ಭಕ್ಕೆ ಎರಡು ತರಗತಿಗಳನ್ನು ಮೀಸಲಿಡಬೇಕೆಂದಿದ್ದೇನೆ. ಬಡಾವಣೆಯ ಸಂಘದವರಿಗೂ ಒಂದು ಪತ್ರ ಬರೆದಿದ್ದೇನೆ: ಸಭೆಯನ್ನು ಈ ಮಳೆಗಾಲದಲ್ಲಿಯೇ ಕರೆಯಿರಿ, ನನಗೆ ಕಳಿಸುವ ಆಹ್ವಾನವನ್ನು ನನ್ನ ಹೆಂಡತಿಯ ಹೆಸರಿಗೆ ಕಳಿಸಿರಿ, ಹಿಂದಿನ ಬೀದಿಯ ಹುಡುಗಿಗೂ ಒಂದನ್ನು ಕಳಿಸಿರಿ. ಉತ್ತರ ಇನ್ನೂ ಬಂದಿಲ್ಲ. ಮನೆಯಲ್ಲಿ ಮಾತ್ರ, ಆ ಸಭೆಯಲ್ಲಿ ಹೇಳಬೇಕಾದ ವಿಷಯಗಳ ಪಟ್ಟಿಯೊಂದು ಈಗಾಗಲೇ ಸಿದ್ಧವಾಗಿದೆ; ಅದರಲ್ಲಿ ಕವಿರಾಜಮಾರ್ಗದ ಪ್ರಸ್ತಾಪ ಒಂದೂ ಇಲ್ಲ.